ಪಂಕ್ತಿಗೆ ಬಂದ ಅತ್ತಿಮರ

ನಮ್ಮೂರಿನಲ್ಲಿ ಬುಧವಾರ ಬೆಳಿಗ್ಗೆ ಎದ್ದವರು ಮೊದಲು ಮುಖ ತೊಳೆಯುವುದಿಲ್ಲ. ಬಾಗಿಲು ತೆಗೆದು ಪಡುವಣಕ್ಕೆ ನೋಡುತ್ತಾರೆ, ಈ ವಾರ ಕಾಡು ಎಲ್ಲಿ ನಿಂತಿದೆ ಎಂದು. ಮಂಗಳವಾರ ಸಂತೆ. ಆ ವಾರ ಊರಿನ ಒಲೆಗಳ ಮೇಲೆ ಕುರಿಕೋಳಿಯ ಬಾಡು ಎಷ್ಟು ಕಡಿಮೆ ಬೆಂದಿದೆಯೋ, ಸಂತೆಯ ರಾತ್ರಿ ಕಾಡು ಅಷ್ಟು ಮುಂದೆ ಬಂದಿರುತ್ತದೆ. ಹಿಂದೆ ಸರಿಯುವುದಕ್ಕೆ ಮಾತ್ರ ಅದು ಸಂತೆಯವರೆಗೆ ಕಾಯುವುದಿಲ್ಲ. ಯಾರ ಮನೆಯಲ್ಲಿ ಬಾಡಿನ ಸಾರು ಕುದ್ದು ಹಬೆ ಎದ್ದರೂ ಆ ಗಳಿಗೆಯಲ್ಲೇ ಹೊರಡುತ್ತದೆ.

ನಾನು ಊರಿನ ವಾರದ ಹಾಳೆಯನ್ನು ಅಚ್ಚು ಹಾಕುವವನು. ಬೇರೆ ಪತ್ರಿಕೆಗಳು ಹವಾಮಾನ ಹಾಕುವ ಜಾಗದಲ್ಲಿ ನಾನು ಕಾಡಂಚು ಹಾಕುತ್ತೇನೆ. ಊಹೆಯಿಂದ ಹಾಕುವುದಿಲ್ಲ, ನಡೆದು ಹೋಗಿ, ಮೊದಲ ಮರವನ್ನು ಮುಟ್ಟಿ ಬಂದು ಹಾಕುತ್ತೇನೆ. ಬಾಡಿನ ಅಂಗಡಿಯ ಮುದ್ದಯ್ಯನ ಮಗಳ ಬೀಗರೂಟದ ಬಗ್ಗೆ ಸುತ್ತಲ ಸಂತೆಗಳಲ್ಲಿ ಈಗ ನಾಲ್ಕಾರು ಬಗೆಯ ಕಥೆಗಳು ಓಡಾಡುತ್ತಿವೆ. ಮರಗಳು ಎಲೆ ಹಾಕಿಕೊಂಡು ಕೂತು ಉಂಡವು ಎಂಬುದೂ ಅವುಗಳಲ್ಲಿ ಒಂದು. ಹಾಗೇನೂ ಆಗಲಿಲ್ಲ. ನಾನು ಕಂಡದ್ದನ್ನು, ಕಂಡವರಿಂದ ಕೇಳಿ ತಾಳೆ ನೋಡಿದ್ದನ್ನು ಇಲ್ಲಿ ಹೇಳುತ್ತೇನೆ.

ಊರಿಗೂ ಕಾಡಿಗೂ ನಡುವೆ ಗುರುತುಗಳು ಎರಡು. ಊರಿನ ಮಗ್ಗುಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದಕ್ಕಿಂತ ದೂರದಲ್ಲಿ ಒರತೆಯ ಬಂಡೆ. ಬಂಡೆಯ ಬುಡದಿಂದ ಬರುವ ನೀರನ್ನೇ ಇಡೀ ಊರು ಕುಡಿಯುತ್ತದೆ. ಕಾಡಿನ ಅಂಚು ಈ ಎರಡರ ನಡುವೆ ಇದ್ದರೆ ಬದುಕು ಸಲೀಸು. ಬಂಡೆಯಿಂದಾಚೆ ಹೋಯಿತೋ, ಒರತೆ ಬತ್ತುತ್ತದೆ. ಕಲ್ಲಿನಿಂದೀಚೆ ಬಂತೋ, ಬೇರು ಅಡುಗೆಮನೆಗೆ ನುಗ್ಗುತ್ತದೆ. ಎರಡನ್ನೂ ಊರು ಅನುಭವಿಸಿದೆ. ಸಾಹುಕಾರರೊಬ್ಬರು ಮೊಮ್ಮಗನಿಗೆ ಹೆಸರಿಡುವ ದಿನ ಮೂರು ಊರಿಗೆ ಬಾಡೂಟ ಹಾಕಿಸಿದಾಗ ಕಾಡು ಬೆಟ್ಟದ ಸೆರಗಿಗೆ ಹೋಗಿ ನಿಂತಿತು. ಮುಂದಿನ ಮಳೆಗಾಲದವರೆಗೆ ಹೆಂಗಸರು ನೆತ್ತಿಯ ಕೂದಲು ಸವೆಯುವಷ್ಟು ದೂರದಿಂದ ನೀರು ಹೊತ್ತರು. ಇನ್ನೊಂದು ವರ್ಷ ಹಿರಿಯರೊಬ್ಬರ ಮಾತು ಕೇಳಿ ಊರಿಗೆ ಊರೇ ಬಾಡು ಬಿಟ್ಟಿತು. ಮತ್ತಿಮರ ಶಾಲೆಯ ಹೆಂಚು ಎತ್ತಿ ನಿಂತಿತು. ಕಾಡುಹಂದಿ ಹಗಲಿನಲ್ಲೇ ಬಂದು ರಾಗಿ ತುಂಬಿದ್ದ ಮಣ್ಣಿನ ವಾಡೆ ಮಗುಚಿತು. ಆ ಹಿರಿಯರ ಮನೆಯ ಹಿತ್ತಿಲ ಬಾಗಿಲಿಗೇ ಹೊನ್ನೆಮರ ಅಡ್ಡ ನಿಂತಾಗ, ಪಕ್ಕದ ಊರಿನಿಂದ ಗುಟ್ಟಾಗಿ ಒಂದು ಬಟ್ಟಲು ಬಾಡಿನ ಸಾರು ತರಿಸಿಕೊಂಡು ಕುದಿಸಿದರೆಂದು ಹೇಳುತ್ತಾರೆ. ಅದನ್ನು ನನಗೆ ತಾಳೆ ನೋಡಲಾಗಲಿಲ್ಲ.

ಅಂದಿನಿಂದ ಊರಿನ ನಡವಳಿಕೆ ಇದು: ಬಿಡುವುದಲ್ಲ, ಕಡಿಮೆ ಮಾಡುವುದು. ನಾಲ್ಕು ಬೀದಿಗಳಿಗೆ ಸರದಿ. ಈ ಸಂತೆ ಮೇಲಿನ ಬೀದಿಯದಾದರೆ ಮುಂದಿನದು ಕುಂಬಾರ ಬೀದಿಯದು. ಬಾಣಂತಿಗೂ ಕಾಯಿಲೆಯವರಿಗೂ ಸರದಿ ಇಲ್ಲ. ಅವರಿಗೆ ಕಾಲುಸೂಪು ಯಾವತ್ತೂ ಸಿಗುತ್ತದೆ. ಹೋಟಲು, ಹೆಂಡದಂಗಡಿ, ಗರಡಿಗೂ ಒಂದೊಂದು ಪುಟ್ಟ ಪಾಲು ಉಂಟು. ಈ ಸರದಿಯನ್ನು ತಂದವನು ಮತ್ತಾರೂ ಅಲ್ಲ, ಬಾಡಿನ ಅಂಗಡಿಯ ಮುದ್ದಯ್ಯನೇ. ಕಡಿಮೆ ಮಾರುತ್ತೇನೆಂದು ತಾನಾಗಿ ಬಂದು ಕೈಯೆತ್ತಿದ ಅಂಗಡಿಯವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮುದ್ದಯ್ಯ ಆ ಹಿರಿಮೆಯನ್ನು ತಾನು ತೆಗೆದುಕೊಳ್ಳುತ್ತಿರಲಿಲ್ಲ. ಅದು ತನ್ನ ಹೆಂಡತಿ ಕೆಂಚಮ್ಮನ ಮಾತು ಎನ್ನುತ್ತಿದ್ದ. ಒರತೆ ಬತ್ತಿದ ಆ ವರ್ಷ ಒಂದು ಮಧ್ಯಾಹ್ನ ಅವಳು ಕೊಡ ಇಳಿಸಿ, ಅಂಗಡಿಯ ಕೊರಡಿನ ಮುಂದೆ ನಿಂತು ಇಷ್ಟೇ ಅಂದಿದ್ದಳಂತೆ: “ನೀನು ಕಡ್ಯೋದ್ ಕಮ್ಮಿ ಮಾಡು, ನಾನು ಹೊರೋದ್ ಕಮ್ಮಿ ಆಯ್ತದೆ.”

ಕಡಿಮೆ ಮಾಡಿದ. ಆದರೆ ಕಸುಬನ್ನು ಹಗುರ ಮಾಡಲಿಲ್ಲ. ಒಂದು ಕುರಿಮರಿಯಲ್ಲಿ ತಲೆ, ಕಾಲು, ಬೋಟಿ, ಈಲಿ, ಯಾವುದನ್ನೂ ಪೋಲು ಮಾಡುತ್ತಿರಲಿಲ್ಲ. ಯಾರ ಮನೆಗೆ ಮೂಳೆ ಹೆಚ್ಚು ಬೇಕು, ಯಾರ ಮನೆಯ ಮುದುಕರಿಗೆ ಹಲ್ಲಿಲ್ಲ ಎಂಬುದು ಅವನಿಗೆ ಗೊತ್ತು. ಅರ್ಧ ಬಾಡಿಗೆ ಅರ್ಧ ಗೆಡ್ಡೆಕೋಸು ಹಾಕಿ, ಅವರೆಕಾಳು ಬೆರೆಸಿ ಎಂದು ಹೆಂಗಸರಿಗೆ ಹೇಳಿಕೊಡುವನು. ಉಳಿದ ದಿನಗಳಲ್ಲಿ ಕುರಿ ಕಾಯುವುದು, ಉಣ್ಣೆ ಕತ್ತರಿಸುವುದು, ಕಂಬಳಿ ನೇಯುವವರಿಗೆ ಕೊಡುವುದು. ಸರದಿ ತಪ್ಪಿಸಿ ಬಂದವರು ಎಂಥವರೇ ಆಗಲಿ, ಎದ್ದು ನಿಂತು ಕೈ ಮುಗಿಯುತ್ತಿದ್ದ, ಮರಿ ಮುಟ್ಟುತ್ತಿರಲಿಲ್ಲ. ಒಮ್ಮೆ ಒಬ್ಬರು ದೊಡ್ಡವರು ಸಿಟ್ಟಾಗಿ, ಅಂಗಡಿಗಿಂತ ನಿನ್ನ ಕಟ್ಟಳೆಯೇ ದೊಡ್ಡದಾಯಿತಲ್ಲೋ ಎಂದು ಹಂಗಿಸಿದರು. ಮುದ್ದಯ್ಯ ನಗುತ್ತ ಅವರಿಗೆ ಒಂದು ಚೆಂಬು ಒರತೆಯ ನೀರು ಕೊಟ್ಟು ಕಳಿಸಿದ.

ನಮ್ಮಲ್ಲಿ ಸತ್ತವರನ್ನು ಕಾಡಂಚಿನಲ್ಲಿ ಮಣ್ಣು ಮಾಡಿ, ತಲೆದೆಸೆಗೆ ಒಂದು ಸಸಿ ನೆಡುತ್ತಾರೆ. ಬೇರು ಬಿಟ್ಟ ಮೇಲೆ ಆ ಸಸಿ ಕಾಡಿನದು. ಕಾಡಿನ ಜೊತೆ ಬರುತ್ತದೆ, ಕಾಡಿನ ಜೊತೆ ಹೋಗುತ್ತದೆ. ಹೂತ ಗುದ್ದು ಬರೀ ಮಣ್ಣು, ಮರವೇ ಆಸಾಮಿ ಎಂದು ಊರು ನಂಬಿದೆ. ಕೆಂಚಮ್ಮ ಜ್ವರದಲ್ಲಿ ತೀರಿಕೊಂಡಾಗ ಮುದ್ದಯ್ಯ ಅತ್ತಿಯ ಸಸಿ ನೆಟ್ಟ. ಅವನದೇ ಹಟ್ಟಿಯ ಮರಿಯೊಂದು ತಪ್ಪಿಸಿಕೊಂಡು ಹೋಗಿ ಅದರ ಕುಡಿ ಕಡಿದುಬಿಟ್ಟಿತು. ಸಸಿ ಸಾಯಲಿಲ್ಲ, ಮೊಣಕಾಲೆತ್ತರದಲ್ಲೇ ಎರಡು ಕವಲಾಗಿ ಬೆಳೆಯಿತು. ಸಾವಿರ ಮರದ ನಡುವೆ ಇದ್ದರೂ ಆ ಕವಲಿನಿಂದ ಮುದ್ದಯ್ಯನಿಗೂ ಮಗಳು ಪದುಮಳಿಗೂ ಗುರುತು ಸಿಗುತ್ತದೆ. ಅದು ಕಾಡಿನ ಮುಂಚೂಣಿಯ ಮರವಲ್ಲ, ಸ್ವಲ್ಪ ಒಳಗಿನದು. ಕಾಡು ಮುಂದೆ ಬಂದ ವಾರ ಅಪ್ಪ ಮಗಳು ಹೋಗಿ ಅದರ ಬುಡದಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದರು.

ಪದುಮಳಿಗೆ ಗಂಡು ಗೊತ್ತಾದದ್ದು ಕಾಡು ನಡೆಯದ ಊರಿನಲ್ಲಿ. ಹುಡುಗ ದ್ಯಾವಣ್ಣ, ಮಾತು ಕಡಿಮೆ, ಕೆಲಸದಲ್ಲಿ ಗಟ್ಟಿ. ಮಾತನ್ನೆಲ್ಲ ಅವನ ತಾಯಿ ತಿಬ್ಬಮ್ಮ ಆಡುತ್ತಿದ್ದಳು. ಒಪ್ಪಂದದ ದಿನ ಬಂದು ಜಗಲಿಯ ಮೇಲೆ ಕೂತು, ವೀಳ್ಯ ಮಡಿಸುತ್ತ, ಬೀಗರೂಟದ ಮಾತೆತ್ತಿದಳು. ಮದುವೆ ತಮ್ಮೂರಲ್ಲಿ, ಅದು ಸಿಹಿ ಊಟ. ಆಮೇಲಿನ ಬೀಗರೂಟ ಹೆಣ್ಣಿನ ಮನೆಯಲ್ಲಿ, ಅದು ಮಾತ್ರ ಬಾಡೂಟವೇ ಆಗಬೇಕು. ಯಾರೋ ನಮ್ಮೂರಿನ ಕಾಡಿನ ವಿಷಯ ಹೇಳಲು ಹೋದರು. ತಿಬ್ಬಮ್ಮ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿಸಿಕೊಂಡಳು.

“ನಿಮ್ಮೂರಲ್ಲಿ ಮರ ನಡೀತವಂತೆ. ನಡೀಲಿ ಕನಪ್ಪ, ನಮ್ಮೂರಲ್ಲಿ ಕುರಿ ನಡೀತವೆ, ನಮ್ಗೆ ಅಷ್ಟು ಸಾಕು. ಬಾಡಿನಂಗ್ಡಿ ಮನೆ ಬೀಗತನ, ಕೈ ತೊಳೆದ್ರೂ ಜಿಡ್ಡು ಹೋಗಬಾರ್ದು ಅಂತ ಊರ್ಗೆಲ್ಲಾ ಹೇಳ್ಕೊಂಡ್ ಬಂದಿವ್ನಿ. ಸೊಪ್ಪಿನ ಸಾರು ಬಿಟ್ಟು ಕಳಿಸಿದ್ರೆ ನಿಮ್ಮ ಮಗಳು ಸಾಯೋಗಂಟ ಆ ಮಾತ್ ಕೇಳ್ಬೇಕಾಯ್ತದೆ. ನಾನ್ ಅನ್ನಲ್ಲ. ನಮ್ಮೂರ್ನೋರು ಅಂತಾರೆ.”

ಮುದ್ದಯ್ಯ ಹತ್ತು ಮರಿ ಹಾಕಿಸುತ್ತೇನೆಂದು ಮಾತು ಕೊಟ್ಟ. ಅವರು ಹೋದ ಮೇಲೆ ಪದುಮ ತಂದೆಯ ಹತ್ತಿರ ಬಂದು ಒಂದೇ ಒಂದು ಕೇಳಿದಳು. ಬೀಗರೂಟದ ದಿನ ಅವ್ವನ ಹತ್ತಿರ ಹೋಗಿ ಕೈ ಮುಗಿದು ಬರಬಹುದೇ ಎಂದು. ಅವಳು ಕೇಳಿದ್ದು ಅಷ್ಟೆ, ಆದರೆ ಅದರ ಕಷ್ಟ ಇಬ್ಬರಿಗೂ ಗೊತ್ತಿತ್ತು. ಹತ್ತು ಮರಿ ಬೇಯುವ ಹಬೆಗೆ ಕಾಡು ಒರತೆಯ ಬಂಡೆ ದಾಟಿ ಹೋಗುತ್ತದೆ. ಬೇಸಿಗೆ ಬೇರೆ. ಊಟ ಹಾಕಿದರೆ ಊರಿನ ನೀರೂ ಹೋಯಿತು, ಅವ್ವನೂ ಹೋದಳು. ಹಾಕದಿದ್ದರೆ ಮಗಳು ಅತ್ತೆಮನೆಯಲ್ಲಿ ತಲೆ ತಗ್ಗಿಸಬೇಕು.

ಊರಿನ ಯಜಮಾನರು ಕೂತು ಒಂದು ದಾರಿ ತೆಗೆದರು. ಹಳೆಯ ದಾರಿಯೇ, ಸರದಿ ಬಿಡುವುದು. ದೊಡ್ಡ ಊಟವಿದ್ದಾಗ ಮೊದಲೇ ಕೆಲವು ಬೀದಿಗಳು ತಮ್ಮ ಸರದಿಯನ್ನು ಬಿಟ್ಟುಕೊಟ್ಟು ಕಾಡು ಮುಂದೆ ಬರಲು ಎಡೆ ಮಾಡಿಕೊಡುತ್ತವೆ. ಎರಡು ಬೀದಿಗಳು ಬಿಟ್ಟರೆ ಅಂಚು ಒಗೆಯುವ ಕಲ್ಲಿಗೆ ಬರುತ್ತದೆ. ಹತ್ತು ಮರಿಯ ಹಬೆಗೆ ಅದು ಬಂಡೆಯವರೆಗೆ ಹೋಗಿ ನಿಲ್ಲುತ್ತದೆ, ದಾಟುವುದಿಲ್ಲ. ಮದುವೆ ಭಾನುವಾರ, ಬೀಗರೂಟ ಸಂತೆಯ ಮರುದಿನ, ಬುಧವಾರ. ಒಲೆ ಹಚ್ಚುವ ಮೊದಲು ಮುದ್ದಯ್ಯ ಮಗಳನ್ನು ಕರೆದುಕೊಂಡು ಹೋಗಿ ಕೈ ಮುಗಿಸಿಕೊಂಡು ಬರುವುದು. ಲೆಕ್ಕ ಸರಿಯಾಗಿತ್ತು. ನಾನು ಅದನ್ನು ಹಾಳೆಯಲ್ಲೂ ಹಾಕಿದೆ.

ಮದುವೆಗೆ ಮುಂಚಿನ ವಾರ ಗಂಡಿನ ಕಡೆಯಿಂದ ಸುದ್ದಿ ಬಂತು. ಬರುವವರ ಜೊತೆ ಅವರ ನಂಟರೂ ಬರುತ್ತಾರಂತೆ, ಹತ್ತು ಮರಿ ಸಾಲುವುದಿಲ್ಲ, ಹದಿನೈದು ಆಗಲಿ. ಮುದ್ದಯ್ಯ ಬಂದವನಿಗೆ ಆಯಿತೆಂದು ಹೇಳಿ ಕಳಿಸಿದ. ಅಷ್ಟರಲ್ಲಿ ಎರಡು ಬೀದಿಗಳು ಸರದಿ ಬಿಟ್ಟಾಗಿತ್ತು. ಹದಿನೈದರ ಹಬೆಗೆ ಕಾಡು ಬಂಡೆ ದಾಟುತ್ತದೆ, ಆದರೂ ಇನ್ನೊಂದು ಬೀದಿಯನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಸರದಿ ಎಂದರೆ ತಿಂಗಳು ಕಾದ ಊಟ. ಅದನ್ನು ತನ್ನ ಮನೆಯ ಕಾರ್ಯಕ್ಕೆ ಮತ್ತೆ ಮತ್ತೆ ಕೇಳುವುದು ಹೇಗೆ? ಮರಿಯ ಲೆಕ್ಕ ಗೊತ್ತಿರಬೇಕಾದದ್ದು ಅಡುಗೆಯ ಜವರಣ್ಣನಿಗೆ ಮಾತ್ರ. ಅವನಿಗೆ ಹೇಳಿ, ಯಾರಿಗೂ ತಿಳಿಸಬೇಡ ಎಂದ.

ಜವರಣ್ಣ ನಮ್ಮೂರಿನ ದೊಡ್ಡ ಊಟಗಳ ಅಡುಗೆಭಟ್ಟ. ಅವನ ಕೈಯಲ್ಲಿ ಮಸಾಲೆ ನಿಲ್ಲುತ್ತದೆ, ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವನು ಮೋಸ ಮಾಡಲಿಲ್ಲ, ನೊಂದುಕೊಂಡ ಅಷ್ಟೆ. ಕಂಡವರನ್ನೆಲ್ಲ ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು, ನಿನ್ನೊಬ್ಬನಿಗೇ ಹೇಳುತ್ತಿದ್ದೇನೆ, ಯಾರಿಗೂ ಹೇಳಬೇಡ ಎಂದು ಹೇಳಿದ. ಹೇಳಿಸಿಕೊಂಡವರೆಲ್ಲ ಮಾತು ಉಳಿಸಿಕೊಂಡರು. ಯಾರೂ ಯಾರಿಗೂ ಹೇಳಲಿಲ್ಲ. ಮನೆಗೆ ಹೋಗಿ ಒಬ್ಬೊಬ್ಬರೂ ಅದೇ ಒಂದು ಮಾತು ಯೋಚಿಸಿದರು: ಊರಿನವರಿಗೆ ಗೊತ್ತಿಲ್ಲ, ಪಾಪ. ನನ್ನದೊಂದು ಮಡಕೆಯಾದರೂ ಒಲೆಯಿಂದ ಇಳಿಸೋಣ.

ಬೇರೆ ಕಾಲದಲ್ಲಿ ಇದೇ ಜನ, ನನ್ನದೊಂದು ಮಡಕೆಯಿಂದ ಏನಾದೀತು ಎಂದು ಸರದಿ ತಪ್ಪಿಸಿ ಕೋಳಿ ಕುದಿಸಿದವರು. ಆ ವಾರ ಅದೇ ಮಾತು ತಿರುಗಿ ಕೂತಿತು. ಮಿಲ್ಟ್ರಿ ಹೋಟಲಿನವನು ಒಲೆ ಕೆಟ್ಟಿದೆ ಎಂದು ಬಾಗಿಲಿಗೆ ಹಲಗೆ ತೂಗಿದ. ಹೆಂಡದಂಗಡಿಯವಳು ಬೋಟಿಯ ಬದಲು ಹುರಿಗಡಲೆ ಇಟ್ಟಳು. ಕೇಳಿದವರಿಗೆ, ಬೋಟಿ ತಿಂದು ತಿಂದು ನಿಮ್ಮ ಹೊಟ್ಟೆಯೇ ಬೋಟಿಯಾಗಿದೆ ಎಂದು ಬೈದಳು. ಗರಡಿಯವರು ಕಾಲುಸೂಪು ಬಿಟ್ಟು ನೆನೆಸಿದ ಕಡಲೆಕಾಯಿ ತಿಂದರು. ಮೂರನೇ ಬೀದಿಗೆ ಆ ಸಂತೆ ಸರದಿ ಇತ್ತು. ಬೀದಿಗೆ ಬೀದಿಯೇ ಹೊಟ್ಟೆ ಸರಿಯಿಲ್ಲವೆಂದು ಹೇಳಿತು, ಮುದ್ದಯ್ಯ ಅದನ್ನು ನಂಬಿ ಎಲ್ಲರಿಗೂ ಓಮದ ಕಾಳು ಕೊಟ್ಟು ಕಳಿಸಿದ. ಹಸಿ ಬಾಣಂತಿಯೊಬ್ಬಳು ಸೂಪಿನ ಬಟ್ಟಲು ದೂರ ತಳ್ಳಿ ಮೆಂತ್ಯದ ಗಂಜಿ ಕೇಳಿದಳಂತೆ. ನನ್ನ ಮನೆಯಲ್ಲಿ ಒಣಮೀನು ಇತ್ತು, ಅಟ್ಟದ ಮೇಲೇ ಉಳಿಯಿತು. ಇಷ್ಟು ಪುಟ್ಟ ಪುಟ್ಟ ಒಲೆಗಳೇ ಸೇರಿ ಕಾಡನ್ನು ಅಷ್ಟು ದೂರದಲ್ಲಿ ತಡೆದು ನಿಲ್ಲಿಸಿದ್ದವು ಎಂಬುದು ಯಾರಿಗೂ ಅಂದಾಜಿರಲಿಲ್ಲ, ನನಗೂ ಇರಲಿಲ್ಲ. ಸಂತೆಯ ದಿನ ಊರಿನಲ್ಲಿ ಬಾಡಿನ ಹಬೆ ಎಂಬುದು ಒಂದೆಳೆಯೂ ಏಳಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಪಡುವಣಕ್ಕೆ ನೋಡಲು ಬಾಗಿಲು ತೆಗೆದೆ, ನೋಡಲು ಜಾಗವಿರಲಿಲ್ಲ. ಬಾಗಿಲಿಗೆ ಹೊಂದಿಕೊಂಡು ಒಂದು ತಾರೆಮರ ನಿಂತಿತ್ತು. ಬೀದಿ ತುಂಬ ಮರ. ಮೇಲಿನ ಬೀದಿಯ ಪಾಳುಬಾವಿಯ ಕಟ್ಟೆಯನ್ನು ನೇರಳೆ ಸುತ್ತಿಕೊಂಡಿತ್ತು. ಗರಡಿಯ ಅಂಗಳದಲ್ಲಿ ಬೀಟೆ, ಹೆಂಡದಂಗಡಿಯ ಮುಂದೆ ಸಾಲುಸಾಲು ಹುಣಾಲು. ಮಂಗಟ್ಟೆ ಹಕ್ಕಿಗಳು ಹೆಂಚಿನ ಮೇಲೆ ಕೂತು ಕೂಗುತ್ತಿದ್ದವು. ಜನ ಮೊದಲು ಗಾಬರಿಯಾದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ನೀನೂನಾ, ನೀನೂನಾ ಎಂಬ ಮಾತು ಮರಗಳ ನಡುವೆ ಮನೆಯಿಂದ ಮನೆಗೆ ಹೋಯಿತು. ಜವರಣ್ಣ ಮಾತ್ರ ಯಾರ ಕಣ್ಣಿಗೂ ಕಣ್ಣು ಕೊಡದೆ ಸೌದೆ ಜೋಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಗಾಬರಿ ಕಳೆದು, ಜನ ತಮ್ಮ ತಮ್ಮವರನ್ನು ಹುಡುಕತೊಡಗಿದರು. ಹೆಂಡದಂಗಡಿಯವಳು ತನ್ನ ಗಂಡನ ಹೊಂಗೆಯನ್ನು ಪಶುವೈದ್ಯರ ಗೋಡೆಯ ಹತ್ತಿರ ಕಂಡು, ಇಲ್ಲೂ ಬಂದು ಒರಗಿಕೊಂಡೇ ನಿಂತಿದ್ದಾನೆ ನೋಡಿ ಎಂದಳು. ಊರಿನ ಸತ್ತವರೆಲ್ಲ ಅವತ್ತು ಊರೊಳಗಿದ್ದರು.

ಮುದ್ದಯ್ಯನ ಮನೆಯ ಮುಂದೆ ಹಾಕಿದ್ದ ಚಪ್ಪರ ಒಂದು ಕಡೆ ಎದ್ದು ವಾಲಿತ್ತು. ಅದರ ಕೆಳಗೆ, ಬಾಗಿಲಿಗೆ ಎದುರಾಗಿ, ಮೊಣಕಾಲೆತ್ತರದಲ್ಲಿ ಕವಲೊಡೆದ ಅತ್ತಿಮರ ನಿಂತಿತ್ತು.

ಮುದ್ದಯ್ಯ ಮಸೆದ ಕತ್ತಿ ಹಿಡಿದು ಹೊರಗೆ ಬಂದವನು ಹೊಸ್ತಿಲ ಮೇಲೇ ನಿಂತುಬಿಟ್ಟ. ಆಮೇಲೆ ಕತ್ತಿಯನ್ನು ಜಗಲಿಯ ಮೇಲಿಟ್ಟು, ತಾನೂ ಕೂತ. ಹಿತ್ತಿಲಿನ ಹದಿನೈದು ಮರಿಗಳು ಕಣ್ಣಿ ಎಳೆದಾಡಿ, ಬಾಯಿಗೆಟುಕುವಂತೆ ಬಂದಿದ್ದ ಹಸಿರನ್ನು ಹಬ್ಬ ಮಾಡಿಕೊಂಡು ತಿನ್ನುತ್ತಿದ್ದವು. ಜವರಣ್ಣ ಬಂದು ಒಲೆ ಹಚ್ಚಲೇ ಎಂದು ಕೇಳಿದ. ಮುದ್ದಯ್ಯ ಮರದಿಂದ ಕಣ್ಣು ತೆಗೆಯದೆ, “ತಾಳು, ಪದುಮ ಬರ್ಲಿ” ಅಂದ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಬೇಕು, ಏಕೆಂದರೆ ಸಂತೆಯ ಕಥೆಗಳಲ್ಲಿ ಇದು ತಪ್ಪಿಹೋಗಿದೆ. ಅವತ್ತು ಹದಿನೈದು ಮರಿ ಬೇಯಿಸಿದ್ದರೂ ಒರತೆಗೆ ಏನೂ ಆಗುತ್ತಿರಲಿಲ್ಲ. ಕಾಡು ಬೇಕಾದುದಕ್ಕಿಂತ ಎಷ್ಟೋ ಈಚೆ ಬಂದಿತ್ತು. ಬೇಯಿಸಿದ್ದರೆ ಒಗೆಯುವ ಕಲ್ಲಿಗೂ ಒರತೆಯ ಬಂಡೆಗೂ ನಡುವೆ ಹೋಗಿ ನಿಲ್ಲುತ್ತಿತ್ತು, ಊರಿನ ಬೀದಿಯೂ ತೆರವಾಗುತ್ತಿತ್ತು. ಮುದ್ದಯ್ಯನಿಗೂ ಇದು ತಿಳಿದಿತ್ತು. ಕೊಟ್ಟ ಮಾತು, ಊರಿನ ನೀರು, ಬೀಗರ ಊಟ, ಮೂರೂ ಒಟ್ಟಿಗೆ ನಡೆಯುವ ಹಾಗೆ ಊರಿನವರು ಕೈಯಾರೆ ಮಾಡಿಕೊಟ್ಟಿದ್ದರು. ಅಡ್ಡಿ ಇದ್ದದ್ದು ಒಂದೇ, ಬಾಗಿಲಲ್ಲಿ ನಿಂತಿದ್ದ ಆ ಮರ.

ಬೀಗರ ಬಸ್ಸು ಊರಾಚೆಯೇ ನಿಂತಿತು. ರಸ್ತೆ ಇದ್ದ ಕಡೆ ಮರಗಳಿದ್ದವು. ಎಲ್ಲರಿಗಿಂತ ಮುಂದೆ ತಿಬ್ಬಮ್ಮ, ರೇಷ್ಮೆ ಸೀರೆಯನ್ನು ಮುಳ್ಳಿಗೆ ಸಿಗದಂತೆ ಎತ್ತಿ ಹಿಡಿದು, ದಾರಿ ತಪ್ಪಿದವಳಂತೆ ಅಲ್ಲಿ ಇಲ್ಲಿ ನೋಡುತ್ತ ಬಂದಳು. ಬಾಯಿ ಮಾತ್ರ ದಾರಿ ತಪ್ಪಿರಲಿಲ್ಲ. ಬೀಗರೂಟಕ್ಕೆ ಕರೆದು ಬೇಟೆಗೆ ತಂದು ಬಿಟ್ಟರಲ್ಲ ಎಂದು ದೂರದಿಂದಲೇ ಕೇಳುತ್ತಿತ್ತು. ಅವಳ ಹಿಂದೆ ದ್ಯಾವಣ್ಣ, ಪದುಮ.

ಪದುಮ ಚಪ್ಪರದ ಹತ್ತಿರ ಬಂದು ಕವಲನ್ನು ಕಂಡಳು. ಗಂಡನ ಕೈ ಬಿಟ್ಟು, ಯಾರ ಕಡೆಗೂ ನೋಡದೆ ಹೋಗಿ, ಆ ಕವಲಿನಲ್ಲಿ ಕೂತು, ಕಾಂಡಕ್ಕೆ ಕೆನ್ನೆ ಕೊಟ್ಟಳು. ಚಿಕ್ಕಂದಿನಲ್ಲಿ ಅವಳು ಅಲ್ಲೇ ಕೂತು ಬುತ್ತಿ ಉಣ್ಣುತ್ತಿದ್ದಳು. ಅಳಲಿಲ್ಲ. ತಿಬ್ಬಮ್ಮನ ಮಾತು ನಿಂತಿತು.

“ಯಾವ್ದವ್ವ ಅದು ಮರ?”

“ನಮ್ಮವ್ವ, ಅತ್ತೆ.”

ತಿಬ್ಬಮ್ಮ ಮರವನ್ನು ಮೇಲಿಂದ ಕೆಳಗೆ ನೋಡಿದಳು. ಜೋಡಿಸಿಟ್ಟ ಸೌದೆಯನ್ನು, ಕವುಚಿಟ್ಟ ಹಂಡೆಗಳನ್ನು, ಜಗಲಿಯ ಮೇಲಿನ ಕತ್ತಿಯನ್ನು ನೋಡಿದಳು. ಆಮೇಲೆ ಮುದ್ದಯ್ಯನನ್ನು ನೋಡಿ, ದನಿ ತಗ್ಗಿಸಿ ಕೇಳಿದಳು.

“ಒಲೆ ಹಚ್ಚಿದ್ರೆ, ಬೀಗ್ರೇ?”

“ಹೊಂಟೋಯ್ತಾಳೆ,” ಅಂದ ಮುದ್ದಯ್ಯ. ಎದ್ದು ಕತ್ತಿ ಕೈಗೆ ತೆಗೆದುಕೊಂಡ. “ಆದ್ರೆ ನಾನ್ ಮಾತು ಕೊಟ್ಟಿವ್ನಿ. ಮರಿ ಕಟ್ಟಿವ್ನಿ. ಪದುಮ ಅವ್ಳ ಅವ್ವನ್ನ ಕಂಡಾಯ್ತಲ್ಲ, ಅಷ್ಟೇ ನಾನ್ ಬೇಡಿದ್ದು. ನೀವು ದೂರದಿಂದ ಬಂದೀರಿ. ಜವರಣ್ಣ, ಹಚ್ಚಪ್ಪ.”

ಜವರಣ್ಣ ಬೆಂಕಿಕಡ್ಡಿ ತೆಗೆದವನು ಗೀರಲಿಲ್ಲ. ಊರು ಮರಗಳ ಸಂದಿಯಿಂದ ನೋಡುತ್ತಿತ್ತು. ತಿಬ್ಬಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಮುದ್ದಯ್ಯನ ಕೈಯಿಂದ ಕತ್ತಿ ತೆಗೆದು, ಚಪ್ಪರದ ಗಳುವಿಗೆ ಸಿಕ್ಕಿಸಿದಳು.

“ಮಾತು ನೀವು ಕೊಟ್ಟಿದ್ದು ನಂಗೆ. ನಾನೇ ವಾಪಸ್ ಕೊಡ್ತಿವ್ನಿ, ಇಸ್ಕಳಿ. ಪಂಕ್ತಿಗೆ ಬಂದ್ ಕುಂತವ್ರ್ನ ಎಬ್ಸಿ ಉಣ್ಣೋ ಜನ ಅಲ್ಲ ನಾವು. ಬೀಗಿತ್ತಿ ನಡ್ಕೊಂಡ್ ಬಂದವ್ಳೆ. ಮೊದ್ಲು ಅವ್ಳು ಉಂಡೇಳ್ಲಿ.”

ಗಂಡಿನ ಕಡೆಯ ಒಬ್ಬ ಮುದುಕರು, ಬಸ್ಸಿನಲ್ಲಿ ಬರುವಾಗಲೇ ಹಸಿದುಕೊಂಡಿದ್ದವರು, ಹಾಗಾದರೆ ನಾವೇನು ಸೊಪ್ಪು ಮೇಯುವುದೇ ಎಂದು ಗೊಣಗಿದರು. ತಿಬ್ಬಮ್ಮ ಹಿತ್ತಿಲಿನ ಕಡೆ ಕೈ ತೋರಿಸಿ, “ಆ ಮರಿಗಳು ತಿಂತಾ ಅವಲ್ಲ ದೊಡ್ಡಪ್ಪ, ಹೆಂಗೈತೆ ಅಂತ ಕೇಳ್ಕೊಂಡ್ ಬಾ ಹೋಗು” ಅಂದಳು. ಮೊದಲು ನಕ್ಕವರು ಆ ಮುದುಕರೇ.

ಮುಂದಿನದು ಜವರಣ್ಣನ ಕೆಲಸ. ಅವನಿಗೆ ತೀರಿಸಬೇಕಾದ ತಪ್ಪೊಂದಿತ್ತು. ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡು ಒಂದು ಹಲಸಿನಮರ ನಿಂತಿತ್ತು, ಬುಡದಿಂದ ಕೊಂಬೆಯವರೆಗೆ ಎಳೆಗಾಯಿ. ಅದು ಅವನ ಅಜ್ಜಿಯದು. “ನಮ್ಮಜ್ಜಿ ಬದುಕಿದ್ದಾಗ್ಲೂ ಬರಿಗೈಲಿ ಯಾರ್ ಮನೆಗೂ ಹೋದೋಳಲ್ಲ” ಎಂದು ಹತ್ತಿ, ಕಾಯಿ ಇಳಿಸಿದ. ಹದಿನೈದು ಮರಿಗೆಂದು ಅರೆದಿಟ್ಟ ಮಸಾಲೆಯಲ್ಲೇ ಹಲಸಿನಕಾಯಿ ಬೆಂದಿತು, ಅವರೆಕಾಳ ಜೊತೆ. ಊರಿನ ಹೆಂಗಸರು ಮನೆಮನೆಯಿಂದ ಹಿಟ್ಟು ತಂದು ಮುದ್ದೆ ಕಟ್ಟಿದರು. ಕಾಡು ಕದಲಲಿಲ್ಲ. ಅತ್ತಿಮರದ ಮುಂದೆ ಮೊದಲ ಎಲೆ ಹಾಕಿ, ತಿಬ್ಬಮ್ಮನೇ ಕೈಯಾರೆ ಬಡಿಸಿದಳು. ಆಮೇಲೆ ಪಂಕ್ತಿ ಕೂತಿತು, ಮರಗಳ ನಡುವೆ ಜಾಗ ಸಿಕ್ಕಲ್ಲಿ, ಸಾಲು ಅಂಕುಡೊಂಕು. ಅದು ಬಾಡಿನ ಸಾರಿನಷ್ಟೇ ಚೆನ್ನಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹಲಸಿನಕಾಯಿ ಹಲಸಿನಕಾಯಿಯೇ. ಆದರೆ ಗೊಣಗಿದ ಮುದುಕರು ಮೂರು ಸಲ ಸಾರು ಬಿಡಿಸಿಕೊಂಡದ್ದನ್ನು ನಾನು ಎದುರಿಗೇ ಕೂತು ನೋಡಿದೆ.

ಸಂಜೆ ಬೀಗರು ಹೊರಟರು. ಹೊಸ ಮದುಮಕ್ಕಳು ಎರಡು ದಿನ ಹೆಣ್ಣಿನ ಮನೆಯಲ್ಲಿ ಉಳಿಯುವುದು ವಾಡಿಕೆ, ಉಳಿದರು. ತಿಬ್ಬಮ್ಮ ಹೊರಡುವ ಮುನ್ನ ಅತ್ತಿಮರಕ್ಕೆ ಕುಂಕುಮ ಇಟ್ಟು, ಮುದ್ದಯ್ಯನ ಹತ್ತಿರ ಬಂದು ನಿಂತಳು. ಸದಾ ನಗಿಸುವವಳ ಮುಖದಲ್ಲಿ ಆಗ ನಗುವಿರಲಿಲ್ಲ.

“ನಮ್ಮೂರಲ್ಲೂ ಒಂದ್ ಕಾಡಿತ್ತಂತೆ ಬೀಗ್ರೇ. ನಮ್ಮತ್ತೆ ಹೇಳೋರು. ಅದು ಹೋಗಿದ್ದು ಯಾರ್ ಕಣ್ಗೂ ಕಾಣ್ನಿಲ್ಲ.”

ಮುದ್ದಯ್ಯ ಹಿತ್ತಿಲಿಗೆ ಹೋದ. ಒಂದು ಮರಿಯನ್ನು ಬಿಚ್ಚಿ ತಂದು ಅವಳ ಕೈಗೆ ಹಗ್ಗ ಕೊಟ್ಟ. ಅದು ಈಗಲೂ ಅವಳ ಮನೆಯಲ್ಲಿದೆ, ವರ್ಷಕ್ಕೊಮ್ಮೆ ಉಣ್ಣೆ ಕೊಡುತ್ತದೆ ಎಂದು ಪದುಮ ಹೇಳುತ್ತಾಳೆ.

ಕಾಡು ಬೀದಿಯಲ್ಲೇ ಉಳಿಯುವ ಹಾಗಿರಲಿಲ್ಲ. ಶಾಲೆಯ ಬಾಗಿಲು ತೆಗೆಯಬೇಕು, ಗಾಡಿ ಓಡಾಡಬೇಕು. ಮರುದಿನ ಯಜಮಾನರು ಬಂದು, ನಿನ್ನ ಮರಿಗಳನ್ನು ಊರಿಗೆ ಹಂಚಿಬಿಡು, ಎಲ್ಲರೂ ಒಟ್ಟಿಗೆ ಬೇಯಿಸಿದರೆ ಒಂದು ಗಳಿಗೆಯಲ್ಲಿ ಬೀದಿ ಬಯಲಾಗುತ್ತದೆ ಎಂದರು. ಮುದ್ದಯ್ಯ ಒಪ್ಪಲಿಲ್ಲ. ಬಂದ ನಂಟರನ್ನು ಕತ್ತು ಹಿಡಿದು ನೂಕುತ್ತಾರೆಯೇ ಎಂದು ಕೇಳಿದ. ಅವನು ಮರಿಗಳನ್ನು ಒಂದಾದ ಮೇಲೆ ಒಂದರಂತೆ ಕಡಿದು ಕೊಟ್ಟ, ಮೊದಲು ಆ ವಾರ ಸೂಪು ತಳ್ಳಿದ ಬಾಣಂತಿಗೆ, ಆಮೇಲೆ ಸರದಿ ಬಿಟ್ಟ ಮನೆಗಳಿಗೆ. ಒಂದು ಒಲೆ ಆರಿದ ಮೇಲೆ ಇನ್ನೊಂದು. ಕಾಡು ಮುದುಕರು ನಡೆಯುವ ಹಾಗೆ ನಿಧಾನವಾಗಿ ಹೊರಟಿತು. ಅಂಚು ಒಗೆಯುವ ಕಲ್ಲಿಗೆ ಹೋಗಿ ಮುಟ್ಟಿದಾಗ ಕತ್ತಿ ತೊಳೆದು ಇಟ್ಟುಬಿಟ್ಟ. ಅರ್ಧಕ್ಕಿಂತ ಹೆಚ್ಚು ಮರಿಗಳು ಹಟ್ಟಿಗೆ ವಾಪಸಾದವು.

ಅತ್ತಿಮರ ಅಂಗಳದಿಂದ ಬೇರು ಎಳೆದುಕೊಳ್ಳುವ ಮೊದಲು ಪದುಮ ಒಳಗಿನಿಂದ ಮೊರ ತಂದಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಬಳೆ, ಅರಿಶಿನದ ಕೊಂಬು. ತವರಿನಿಂದ ಹೊರಡುವ ಹೆಣ್ಣಿಗೆ ಕಟ್ಟುವ ಮಡಿಲಕ್ಕಿ. ಮಾರನೆಯ ದಿನ ಅವಳಿಗೆ ಅದನ್ನು ಕಟ್ಟಬೇಕಾದವಳು ತಾಯಿ. ಪದುಮ ಅದನ್ನು ಹೊಸ ರವಿಕೆ ಬಟ್ಟೆಯಲ್ಲಿ ಗಂಟು ಮಾಡಿ ಮರದ ಕವಲಿಗೆ ಕಟ್ಟಿದಳು. ಮರ ಕದಲಿತು. ಅಪ್ಪ ಒಂದು ಮಗ್ಗುಲಿಗೆ, ಮಗಳು ಒಂದು ಮಗ್ಗುಲಿಗೆ, ದ್ಯಾವಣ್ಣ ಹಿಂದೆ ನೀರಿನ ಚೆಂಬು ಹಿಡಿದು, ಹೆಣ್ಣು ಕಳಿಸಲು ಹೋಗುವವರಂತೆ ಮೆಲ್ಲಗೆ ಅದರ ಜೊತೆ ನಡೆದರು. ಊರು ಬಾಗಿಲುಗಳಲ್ಲಿ ನಿಂತಿತ್ತು.

ಉಳಿದ ಮರಗಳೆಲ್ಲ ಕಾಡಿನೊಳಗೆ ತಮ್ಮ ಹಳೆಯ ಜಾಗಗಳಿಗೆ ಹೋಗಿ ಸೇರಿದವು. ಅತ್ತಿಮರವೊಂದು ಮಾತ್ರ ಒಳಗೆ ಹೋಗಲಿಲ್ಲ. ನಾನು ಮುಂದಿನ ಬುಧವಾರ ಎಂದಿನಂತೆ ನಡೆದು ಹೋಗಿ, ಮೊದಲ ಮರವನ್ನು ಮುಟ್ಟಿ, ಬಂದು ಹಾಳೆಯಲ್ಲಿ ಹಾಕಿದೆ: ಕಾಡು ಒಗೆಯುವ ಕಲ್ಲಿನ ಬಳಿ. ಮೊದಲ ಮರ ಅತ್ತಿ.